ಹನ್ನೆರಡನೆಯ ಬೆನ್ನು

ಮೂರು ದಶಕ ಬಸ್ಸಿನಲ್ಲಿ ತಲೆ ಎಣಿಸಿದವನಿಗೆ ನಿವೃತ್ತಿಯಾದ ಮೇಲೂ ಎಣಿಸಲು ಏನಾದರೂ ಬೇಕಲ್ಲ? ಕಂಡಕ್ಟರ್ ಮದುವೆಗೆ ಹೋದರೆ ಕುರ್ಚಿಯಲ್ಲಿ ಕೂತವರನ್ನು ಎಣಿಸುತ್ತಿದ್ದ, ಆಸ್ಪತ್ರೆಗೆ ಹೋದರೆ ಬೆಂಚಿನ ಮೇಲಿದ್ದವರನ್ನು, ಸಾವಿನ ಮನೆಗೆ ಹೋದರೆ ಅತ್ತವರನ್ನೂ ಅಳದವರನ್ನೂ ಬೇರೆಬೇರೆಯಾಗಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆದರೆ ಈ ಗುಣ ನೋಡಿಯೇ ಊರಿನ ಸೈಕಲ್ ಸಂಘದವರು ಅವನನ್ನು ಸಾಲಿನ ಕಟ್ಟಕಡೆಗೆ ಹಾಕಿಕೊಂಡದ್ದು. ಎಲ್ಲಿ ನಿಂತರೂ ಸರಿಯೇ, ಎಲ್ಲರೂ ಬಂದರೆಂದು ನೋಡಿ ಅವನು "ರೈಟ್" ಎನ್ನುವವರೆಗೆ ಒಬ್ಬರೂ ಪೆಡಲ್ ತುಳಿಯುವಂತಿರಲಿಲ್ಲ. ಸಂಘದ ಮುಂದಾಳು ಹಲ್ಲಿನ ಡಾಕ್ಟರು. ಅಂಥವರೂ ತನ್ನ ಒಂದು ಮಾತಿಗೆ ಕಾಯುತ್ತಾರೆಂದರೆ ಕಂಡಕ್ಟರಿಗೆ ಒಳಗೊಳಗೇ ಖುಷಿ.

ಸಂಘದವರು ವರ್ಷಕ್ಕೊಮ್ಮೆ ಮೂರು ದಿನ ಸೈಕಲ್ ತುಳಿದು, ಜನರಿಂದ ದೇಣಿಗೆ ಎತ್ತಿ, ಊರಿನ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಉಸಿರಾಟದ ಯಂತ್ರ ಕೊಡಿಸುತ್ತಿದ್ದರು. ಈ ಸಲ ಕಂಡಕ್ಟರಿಗೆ ಅದು ಬರೀ ಪುಣ್ಯದ ಕೆಲಸವಾಗಿರಲಿಲ್ಲ. ಅವನ ಮೊಮ್ಮಗಳು ತಿಂಗಳು ತುಂಬುವ ಮುಂಚೆಯೇ ಹುಟ್ಟಿ, ಅದೇ ವಾರ್ಡಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಉಸಿರಾಡಲು ಕಲಿತವಳು. ಆ ಋಣ ತೀರಿಸಬೇಕೆಂದು ಅವನು ಹೊರಟ. ಅವನು ಹೊರಟನೆಂದು ಬೀಗರೂ ಹೊರಟರು.

ಬೀಗರೆಂದರೆ ಸೊಸೆಯ ಅಪ್ಪ, ಕನ್ನಡಕದ ಅಂಗಡಿಯವರು. ಸಂಕೋಚವೇ ಕೈಕಾಲು ಮೂಡಿಸಿಕೊಂಡು ಬಂದ ಹಾಗಿದ್ದ ಮನುಷ್ಯ. ಮಗು ವಾರ್ಡಿನಲ್ಲಿದ್ದಾಗ ಹೊರಗೆ ಇದ್ದದ್ದು ಒಂದೇ ಕುರ್ಚಿ. "ನೀವು ಕೂತ್ಕೊಳ್ಳಿ ಬೀಗರೇ" ಎಂದು ಇವನು, "ಛೇ ಛೇ, ನೀವಿರುವಾಗ ನಾನು ಕೂರೋದಾ" ಎಂದು ಅವರು. ಕೊನೆಗೆ ಕುರ್ಚಿ ಖಾಲಿ ಬಿದ್ದಿತ್ತು, ಇಬ್ಬರೂ ಗೋಡೆಗೆ ಒರಗಿ ದಿನಗಟ್ಟಲೆ ನಿಂತಿದ್ದರು. ಈಗ ಅವರು ಸೈಕಲ್ ಹತ್ತುತ್ತಾರೆಂದು ತಿಳಿದು ಸೊಸೆ ಮಾವನ ಹತ್ತಿರ ಬಂದಳು.

"ಮಾವ, ಅಪ್ಪಂಗೆ ಸಕ್ಕರೆ ಕಾಯ್ಲೆ. ಹಸಿವಾದ್ರೂ ಬಾಯಿ ಬಿಟ್ಟು ಹೇಳಲ್ಲ. ನೀವು ಹಿಂದೇನೇ ಇರ್ತೀರಲ್ಲ, ಒಂದು ಕಣ್ಣು ಇಟ್ಟಿರಿ. ಹೇಗೆ ಕರ್ಕೊಂಡು ಹೋಗ್ತೀರೋ ಹಾಗೇ ವಾಪಸ್ ಕರ್ಕೊಂಡು ಬನ್ನಿ."

"ನಿಮ್ಮಪ್ಪನ್ನ ನಿನ್ನ ಕೈಗೆ ಒಪ್ಪಿಸೋದು ನನ್ನ ಜವಾಬ್ದಾರಿ ಕಣಮ್ಮ. ಯೋಚನೆ ಬಿಡು" ಎಂದ ಕಂಡಕ್ಟರ್.

ಹೊರಟವರು ಒಟ್ಟು ಹನ್ನೆರಡು ಜನ. ಎಲ್ಲರಿಗೂ ಸಂಘದ ಹಳದಿ ಜಾಕೆಟ್ಟು. ಕಡೆಯವನು ಕಂಡಕ್ಟರ್, ಹಾಗಾಗಿ ಅವನ ಕಣ್ಣ ಮುಂದೆ ಯಾವಾಗಲೂ ಹನ್ನೊಂದು ಬೆನ್ನು. ಊಟ, ಗಂಟುಮೂಟೆ ಹೊತ್ತ ವ್ಯಾನ್ ಮುಂದಿನ ತಂಗುದಾಣಕ್ಕೆ ಮೊದಲೇ ಹೋಗಿಬಿಡುತ್ತಿತ್ತು. ಹಿಂದೆ ಇದ್ದದ್ದು ಅವನ ಎರಡು ಕಣ್ಣು ಮಾತ್ರ.

ಎರಡನೆಯ ದಿನ ಮಧ್ಯಾಹ್ನ ಅವರು ಬತ್ತಿಹೋದ ಸರೋವರದ ಬಯಲಿಗೆ ಇಳಿದರು. ನೀರು ಹೋಗಿ ಯಾವ ಕಾಲವಾಗಿತ್ತೋ, ನೆಲದ ಮೇಲೆ ಬಿಳಿ ಉಪ್ಪಿನ ಪೊರೆ ಕಟ್ಟಿತ್ತು. ಒಂದು ಮರವಿಲ್ಲ, ಹಕ್ಕಿಯ ಸದ್ದಿಲ್ಲ, ನಡುವೆ ಹಾದುಹೋಗುವ ನೇರ ರಸ್ತೆ ಒಂದೇ. ಹೊತ್ತು ಕಳೆಯಲು ಕಂಡಕ್ಟರ್ ಮಾಮೂಲಿನಂತೆ ಮುಂದಿನ ಬೆನ್ನುಗಳನ್ನು ಎಣಿಸಿದ. ಹನ್ನೆರಡು ಬಂತು.

ಬಿಸಿಲಿಗೆ ಕಣ್ಣು ಮಂಜಾಗಿದೆ ಎಂದುಕೊಂಡು ಮತ್ತೆ ಎಣಿಸಿದ. ಹನ್ನೆರಡೇ. ತನ್ನನ್ನೂ ಸೇರಿಸಿಕೊಂಡೆನೇ ಎಂದರೆ, ತನ್ನ ಬೆನ್ನು ತನಗೆ ಕಾಣುವುದುಂಟೇ? ನೀರು ಕುಡಿಯಲು ನಿಂತಾಗ ಒಬ್ಬೊಬ್ಬರ ಮುಖ ನೋಡಿ ಎಣಿಸಿದ. ಹನ್ನೊಂದು. ಸೈಕಲ್ ಹೊರಟ ಮೇಲೆ ಮತ್ತೆ ಹನ್ನೆರಡು. ಧೂಳಿನಲ್ಲಿ ಎಲ್ಲವೂ ಹಳದಿಯಾಗಿ ಯಾವ ಬೆನ್ನು ಯಾರದೆಂದು ತಿಳಿಯುತ್ತಿರಲಿಲ್ಲ. ಕಿಕ್ಕಿರಿದ ಬಸ್ಸಿನಲ್ಲೂ ತಪ್ಪದ ಲೆಕ್ಕ ಈ ಬಟಾಬಯಲಿನಲ್ಲಿ ತಪ್ಪುತ್ತಿದೆಯಲ್ಲ ಎಂದು ಅವನಿಗೆ ಮೊದಲು ಅವಮಾನವೇ ಆಯಿತು. ಹೆದರಿಕೆ ಆಮೇಲೆ ಬಂತು.

ಆ ಸಂಜೆ ತಂಗುದಾಣದಲ್ಲಿ ಕಾಲಿಗೆ ಎಣ್ಣೆ ಸವರಿಕೊಳ್ಳುತ್ತ ತಮಾಷೆಯ ಹಾಗೆ ಹೇಳಿದ: "ಬೀಗರೇ, ನಮ್ಮ ಗಾಡಿಗೆ ಯಾರೋ ಟಿಕೆಟ್ ಇಲ್ಲದೆ ಹತ್ತಿದ್ದಾರೆ. ಓಡುವಾಗ ಒಂದು ತಲೆ ಹೆಚ್ಚು ಬರ್ತಿದೆ, ನಿಂತಾಗ ಸರಿ ಇದೆ."

ಬೀಗರು ನಗಲಿಲ್ಲ. "ಹೌದಾ? ಇರ್ಲಿ ಬಿಡಿ, ಪಾಪ. ಯಾರಿಗೆ ಎಲ್ಲಿಗೆ ಹೋಗ್ಬೇಕೋ ಏನೋ" ಎಂದು ಕನ್ನಡಕ ಒರೆಸಿಕೊಂಡರು. ಇಂಥವರ ಹತ್ತಿರ ಹೇಳಿದೆನಲ್ಲ ಎಂದು ಕಂಡಕ್ಟರ್ ಹೊದ್ದು ಮಲಗಿದ.

ಕೊನೆಯ ದಿನ ಬೆಳಿಗ್ಗೆ ಬಯಲಿನ ತುಂಬ ಮಂಜು. ಊರು ಇನ್ನು ಒಂದೆರಡು ಗಂಟೆಯ ದಾರಿ. ಕಂಡಕ್ಟರ್ ಮುಂದಿನವರನ್ನು ಕಷ್ಟಪಟ್ಟು ಎಣಿಸುತ್ತ ಬಂದ; ಹನ್ನೆರಡು ಬೆನ್ನು ಮಂಜಿನಲ್ಲಿ ಮುಳುಗಿ ಮುಳುಗಿ ಏಳುತ್ತಿದ್ದವು. ಲಾರಿ ತೂಗುತ್ತಿದ್ದ ಹಳೇ ಶೆಡ್ಡೊಂದು ಸಿಕ್ಕಿತು, ಎಲ್ಲರೂ ಇಳಿದರು. ಗಂಡಸರು ಶೆಡ್ಡಿನ ಗೋಡೆಯ ಮಗ್ಗುಲಿಗೆ ನಿಂತು ನೀರು ಹೊಯ್ದು ಹಗುರಾದರು. ಬೀಗರಿಗೆ ಅದು ಹೇಗಾದೀತು? ಮಗಳನ್ನು ಕೊಟ್ಟ ಮನೆಯ ಯಜಮಾನನ ಕಣ್ಣಳತೆಯಲ್ಲಿ ಅವರು ಆ ಕೆಲಸ ಮಾಡುವವರಲ್ಲ. ಜಾಕೆಟ್ ಹಾಕಿಕೊಂಡೇ, ಸೈಕಲ್ ತಳ್ಳಿಕೊಂಡೇ, ಮಂಜಿನೊಳಕ್ಕೆ ನಡೆದರು. ಕಂಡಕ್ಟರ್ ಇದನ್ನು ಕಂಡ. ಕಂಡು, ಬೀಗರಿಗೆ ಮುಜುಗರವಾಗಬಾರದೆಂದು ಬೇಕೆಂದೇ ಮುಖವನ್ನು ಈ ಕಡೆ ತಿರುಗಿಸಿ ನಿಂತ. ಒಂದು ಕಣ್ಣು ಇಡುತ್ತೇನೆಂದು ಒಪ್ಪಿಕೊಂಡವನು ಎರಡನ್ನೂ ತೆಗೆದದ್ದು ಆಗಲೇ.

ಡಾಕ್ಟರು "ಹೊರಡೋಣವಾ?" ಎಂದು ಕೂಗಿದರು. ಕಂಡಕ್ಟರ್ ತಿರುಗಿ ನೋಡಿದ. ಎಲ್ಲರೂ ಸೈಕಲ್ ಏರಿ ನಿಂತಿದ್ದರು. ಬೀಗರ ಸೈಕಲ್ಲಿನ ಕೆಂಪು ಕ್ಯಾರಿಯರ್ ಅವನ ಮುಂದೆಯೇ ಇತ್ತು. ಎಣಿಸಿದ, ಹನ್ನೊಂದು. "ರೈಟ್!" ಎಂದ.

ಹೊರಟ ಮೇಲೆ ಮತ್ತೆ ಎಣಿಸಿದ. ಈಗಲೂ ಹನ್ನೊಂದೇ. ಅಬ್ಬ, ಪೀಡೆ ತೊಲಗಿತು ಎಂದು ಹಿಂದಿನ ದಿನ ಮಧ್ಯಾಹ್ನದಿಂದ ಈಚೆಗೆ ಮೊದಲ ಸಲ ಅವನ ಹೆಗಲು ಸಡಿಲವಾಯಿತು. ಗೆಲುವಿನಿಂದಲೇ ಮುಂದಿನವರನ್ನು ಕೇಳಿದ: "ಬೀಗರೇ, ಮಂಡಿ ಹೇಗಿದೆ?"

ಉತ್ತರ ಬರಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಕೇಳಿದ. ಹಳದಿ ಬೆನ್ನು ಅಲುಗಲಿಲ್ಲ, ಕುತ್ತಿಗೆ ಹೊರಳಲಿಲ್ಲ. ಬೀಗರು ಏದುಸಿರು ಬಿಡುತ್ತಿದ್ದರೂ "ನಿಮ್ಮ ದಯೆ, ಚೆನ್ನಾಗಿದೆ" ಎನ್ನದೆ ಇದ್ದವರಲ್ಲ. ಬೀಗ ಕೇಳಿದ ಮಾತಿಗೆ ಉತ್ತರ ಕೊಡದಿರುವುದು ಅವರ ಜಾಯಮಾನದಲ್ಲೇ ಇಲ್ಲ. ಆಗ ಲೆಕ್ಕ ಅವನ ತಲೆಯಲ್ಲಿ ಮಗುಚಿಬಿತ್ತು. ಹೆಚ್ಚಿನವನು ಇಳಿದುಹೋಗಿ ಹನ್ನೊಂದಾಗಿರಲಿಲ್ಲ. ಹೆಚ್ಚಿನವನು ಇಲ್ಲೇ ಇದ್ದ. ನಮ್ಮವರೊಬ್ಬರು ಕಡಿಮೆಯಾಗಿ ಹನ್ನೊಂದಾಗಿತ್ತು.

"ಹೋಲ್ಡಾನ್! ಹೋಲ್ಡಾನ್!" ಎಂದು ಕಿರುಚಿದ. ಮಂಜು ಆ ಕೂಗನ್ನು ನುಂಗಿತು. ಮುಂದಿನವರು ಒಬ್ಬೊಬ್ಬರಾಗಿ ಕರಗಿದರು. ಕೊನೆಗೆ ಆ ಕೆಂಪು ಕ್ಯಾರಿಯರೂ ಅವಸರವಿಲ್ಲದೆ ಮಂಜಿನಲ್ಲಿ ಇಲ್ಲವಾಯಿತು. ಬೆನ್ನಟ್ಟಿ ಹೋಗಿ ಅದು ಯಾರೆಂದು ನೋಡುವ ಧೈರ್ಯ ಅವನಿಗಿರಲಿಲ್ಲ, ನೋಡುತ್ತ ಕೂರುವ ಸಮಯವೂ ಇರಲಿಲ್ಲ. ಸೈಕಲ್ ತಿರುಗಿಸಿದ.

ಶೆಡ್ಡಿನ ಹಿಂದೆ, ಉಪ್ಪಿನ ನೆಲದಲ್ಲಿ ಬಹಳ ಒಳಗೆ, ಬೀಗರು ಮಂಡಿ ತಬ್ಬಿಕೊಂಡು ಕೂತಿದ್ದರು. ಮೈಮೇಲೆ ತೆಳು ಅಂಗಿ. ಸೈಕಲ್ ಇಲ್ಲ, ಜಾಕೆಟ್ ಇಲ್ಲ. ಮೈಯೆಲ್ಲ ತಣ್ಣನೆ ಬೆವರು, ಮಾತು ತೊದಲು. ಸಕ್ಕರೆ ಇಳಿದಿದೆಯೆಂದು ತಿಳಿದು ಕಂಡಕ್ಟರ್ ಜೇಬಿನ ಪೆಪ್ಪರಮಿಂಟುಗಳನ್ನೆಲ್ಲ ಅವರ ಬಾಯಿಗೆ ತುರುಕಿದ.

"ಜಾಕೆಟ್ ಎಲ್ಲಿ ಬೀಗರೇ?"

"ಕೊಟ್ಟೆ. ಒಬ್ರು ಬಂದ್ರು. ಚಳಿ ಅಂದ್ರು."

"ಸೈಕಲ್ಲು?"

"ಮನೆಗೆ ಹೋಗ್ಬೇಕು, ಬಹಳ ದಿನ ಆಯ್ತು ಅಂದ್ರು. ಯಾವ ಮನೆ ಅಂದ್ರೆ ಗೊತ್ತಿಲ್ಲ ಅಂದ್ರು, ಪಾಪ. ನಿಮ್ಮನೆ ಎಲ್ಲಿ, ಮನೇಲಿ ಯಾರ್ಯಾರಿದ್ದಾರೆ ಅಂತ ಕೇಳಿದ್ರು. ಮಗಳು, ಮೊಮ್ಮಗಳು ನಿಮ್ಮಲ್ಲಿದ್ದಾರಲ್ಲ, ಆ ಮನೆ ಗುರುತೇ ಹೇಳ್ದೆ."

"ಮುಖ ಹೇಗಿತ್ತು?"

ಬೀಗರು ಪೆಪ್ಪರಮಿಂಟನ್ನು ದವಡೆಗೆ ಸರಿಸಿದರು. "ದಿನಾ ಕನ್ನಡಿಯಲ್ಲಿ ನೋಡ್ತೀನಲ್ಲ, ಹಾಗೇ ಇತ್ತು" ಎಂದು ಕಣ್ಣು ಮುಚ್ಚಿದರು.

ಕಂಡಕ್ಟರ್ ಅವರನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ತಂದ. ಹಾಲಿನ ವ್ಯಾನೊಂದು ಬಂತು. ಡ್ರೈವರ್ ಒಳ್ಳೆಯವನು, ಬಯಲಿನಾಚೆಯ ಸಣ್ಣ ದವಾಖಾನೆಗೆ ಮುಟ್ಟಿಸಿ, ಬಾಗಿಲಲ್ಲೇ ಕಾದು ನಿಂತ. ಗ್ಲೂಕೋಸ್ ಏರಿದಂತೆ ಬೀಗರ ಮುಖಕ್ಕೆ ಬಣ್ಣ ಬಂತು. ಅಲ್ಲಿ ಫೋನಿಗೂ ಸಿಗ್ನಲ್ ಬಂತು. ಕಂಡಕ್ಟರ್ ಸಂಘದ ಡಾಕ್ಟರಿಗೆ ಫೋನ್ ಮಾಡಿದ.

"ಎಲ್ಲಿದ್ದೀರಾ ಮಾರಾಯ್ರೇ?" ಎಂದರು ಅವರು. "ಪಂಕ್ಚರ್ ಆಯ್ತಾ? ನಾವೆಲ್ಲ ಊರು ಮುಟ್ಟಿದ್ವಿ. ಆಸ್ಪತ್ರೆ ಅಂಗಳದಲ್ಲಿ ನಿಮ್ಮ ಮಗ, ನಿಮ್ಮ ಮನೆಯವರು ಕಾಯ್ತಿದ್ದಾರೆ. ನಿಮ್ಮ ಬೀಗರು ಮಾತ್ರ ಇಲ್ಲಿಗೆ ಬರಲಿಲ್ಲ. ದಾರೀಲೇ ನಿಮ್ಮ ಮನೆ ಕಡೆ ತಿರುಗಿದ್ರು."

ಮನೆಯಲ್ಲಿ ಸೊಸೆ ಮತ್ತು ಮಗು, ಇಬ್ಬರೇ. ಕಂಡಕ್ಟರ್ ತಕ್ಷಣ ಮನೆಗೆ ಫೋನ್ ಮಾಡಿದ. ಮೂರನೆಯ ಸಲಕ್ಕೆ ಸೊಸೆ ಎತ್ತಿದಳು.

"ಮಾವ! ಅಪ್ಪ ಬಂದಾಯ್ತು. ಒಂದು ಮಾತಾಡಿಲ್ಲ, ಚಳಿ ಅಂತ ಹೊದ್ದು ಮಲಗಿಬಿಟ್ರು. ಪಾಪು ಅವರ ಪಕ್ಕದಲ್ಲೇ ಮಲಗಿದ್ದಾಳೆ. ಮೈ ಎಷ್ಟು ತಣ್ಣಗಿದೆ ಅಂತೀರಾ! ಡಾಕ್ಟರನ್ನ ಕರೀಲಾ?"

ಘಾಟಿಯಲ್ಲಿ ಬ್ರೇಕ್ ಹೋದ ಬಸ್ಸಿನಲ್ಲಿ ಪ್ರಯಾಣಿಕರಿಗೆ ತಿಳಿಯದ ಹಾಗೆ ಮಾತಾಡಿದವನು ಅವನು. ಅದೇ ದನಿ ತಂದುಕೊಂಡ. "ಬೇಡಮ್ಮ. ನಾನು ಹೇಳಿದಷ್ಟು ಮಾಡು, ಯಾಕೆ ಅಂತ ಕೇಳ್ಬೇಡ. ಪಾಪೂನ ನಿಧಾನಕ್ಕೆ ಎತ್ಕೊ. ಅವರನ್ನ ಎಬ್ಬಿಸ್ಬೇಡ. ಹೊರಗೆ ಬಂದು ಬಾಗಿಲಿಗೆ ಚಿಲಕ ಹಾಕು. ಫೋನ್ ಇಡಬೇಡ."

ಸೊಸೆ ಬುದ್ಧಿವಂತೆ, ಹೇಳಿದ ಹಾಗೇ ಮಾಡಿದಳು. ಹಾಸಿಗೆಯ ಸರಬರ ಕೇಳಿಸಿತು. ಮಗು ಸಣ್ಣಗೆ ಕುಂಯ್ ಎಂದಿತು. ಆಮೇಲೆ, ಅವಳ ಹಿಂದಿನಿಂದ, ನಿದ್ದೆಗಣ್ಣಿನ ಮೆತ್ತನೆಯ ದನಿ: "ಎಲ್ಲಿಗೆ ಹೊರಟೆ ಮಗಳೇ?"

ದವಾಖಾನೆಯ ಮಂಚದ ಮೇಲಿದ್ದ ಬೀಗರು ಕಣ್ಣು ಬಿಟ್ಟರು. "ಯಾರು ಕರೆದ್ರು? ನನ್ನ ದನಿ ಥರಾನೇ ಇದೆ" ಎಂದರು. ಕಂಡಕ್ಟರ್ ಫೋನನ್ನು ಕಿವಿಗೆ ಒತ್ತಿಕೊಂಡ. ಓಡುವ ಹೆಜ್ಜೆ, ಬಾಗಿಲು ಬಡಿದ ಸದ್ದು, ಚಿಲಕ ಬಿದ್ದ ಸದ್ದು, ಆಮೇಲೆ ಬೀದಿಯ ಗದ್ದಲ. ಸೊಸೆ ಅಳುತ್ತಿದ್ದಳು. ಅವನಿಗೆ ಹೋದ ಜೀವ ಬಂತು.

ಹಾಲಿನ ವ್ಯಾನ್ ಮನೆಯ ಮುಂದೆ ನಿಂತಾಗ ಅವಳು ಎದುರಿನ ದರ್ಜಿ ಅಂಗಡಿಯ ಮೆಟ್ಟಿಲ ಮೇಲೆ ಮಗುವನ್ನು ಅವಚಿಕೊಂಡು ನಿಂತಿದ್ದಳು. ಗೋಡೆಗೆ ಬೀಗರ ಸೈಕಲ್ ಒರಗಿತ್ತು, ಚಕ್ರಕ್ಕೆಲ್ಲ ಬಿಳಿ ಉಪ್ಪು. ಬೀಗರು ಇಳಿದು "ಮಗಳೇ" ಎಂದರು. ಅವಳು ಹತ್ತಿರ ಬರಲಿಲ್ಲ. ಮಗುವನ್ನು ಇನ್ನಷ್ಟು ಒತ್ತಿಕೊಂಡು ಹಿಂದೆ ಸರಿದಳು.

ಆಗಲೇ ಮನೆಯೊಳಗಿಂದಲೂ ಕೇಳಿತು. "ಮಗಳೇ, ಹೊರಗಿಂದ ಚಿಲಕ ಬಿದ್ದಿದೆ ನೋಡು. ತೆಗಿಯಮ್ಮ. ಇಲ್ಲಿ ಬಹಳ ಚಳಿ."

"ಮಾವ" ಎಂದಳು ಸೊಸೆ. "ಒಳಗಿರೋರು ಅಪ್ಪನ ಜಾಕೆಟ್ ಹಾಕ್ಕೊಂಡು, ಅಪ್ಪನ ಸೈಕಲ್ ಮೇಲೇ ಬಂದ್ರು. ನೀವು ಕರ್ಕೊಂಡು ಬಂದಿರೋರು ಯಾರು?"

ಅಪ್ಪನನ್ನು ಒಪ್ಪಿಸುತ್ತೇನೆಂದು ಮಾತು ಕೊಟ್ಟವನು ಕಂಡಕ್ಟರ್. ಆದರೆ ಮಂಜಿನಲ್ಲಿ ಅವನಿಗೆ ಸಿಕ್ಕಿದ್ದು ಜಾಕೆಟ್ಟಿಲ್ಲದ, ಸೈಕಲ್ಲಿಲ್ಲದ, ಚಳಿಗೆ ನಡುಗುವ ಒಬ್ಬ ಮನುಷ್ಯ. ಬೀಗರ ಮುಖ ಇತ್ತು, ನಿಜ. ಇನ್ನೊಬ್ಬನಿಗೂ ಅದೇ ಮುಖ ಅಲ್ಲವೇ? ಪಕ್ಕದಲ್ಲಿ ನಿಂತವರ ಕಡೆ ನೋಡಲು ಅವನಿಗೆ ಭಯವಾಯಿತು, ಎಂದೂ ಆಗದಷ್ಟು ಭಯವಾಯಿತು.

ಪಕ್ಕದಲ್ಲಿ ನಿಂತವರು ಒಳಗಿನ ದನಿಯನ್ನೇ ಕೇಳಿಸಿಕೊಳ್ಳುತ್ತಿದ್ದರು. ಅವರ ಕಣ್ಣು ತುಂಬಿ ಬಂದಿತ್ತು.

"ಅವರೇ ಇರ್ಬೇಕು" ಎಂದರು. "ಆ ಜಾಕೆಟ್ ಒಂದಕ್ಕೆ ಚಳಿ ಹೋಗಿಲ್ಲ, ಪಾಪ. ಬಾಗಿಲು ತೆಗೀಮ್ಮ. ಮನೆಗೆ ಅಂತ ಬಂದೋರನ್ನ ಹೀಗೆ ಕೂಡಿಹಾಕ್ತಾರಾ? ಬೀಗರು ಏನಂದ್ಕೊಂಡಾರು?"

ಸೊಸೆ ಜೋರಾಗಿ ಅತ್ತುಬಿಟ್ಟಳು. "ಅಪ್ಪಾ" ಎನ್ನುತ್ತ ಮಗುವಿನ ಸಮೇತ ಓಡಿಬಂದು ಅವರ ಎದೆಗೆ ಬಿದ್ದಳು. "ಇಂಥ ಮಾತಾಡೋನು ಈ ಭೂಮಿ ಮೇಲೆ ನೀನೊಬ್ನೇ ಕಣಪ್ಪಾ, ನೀನೊಬ್ನೇ."

ಬೀಗರು ಅವಳ ತಲೆ ಸವರಿದರು, ಮೊಮ್ಮಗಳ ಕೆನ್ನೆ ಮುಟ್ಟಿದರು. ಆಮೇಲೆ ಬಾಗಿಲ ಕಡೆ ಹೊರಟು ಚಿಲಕಕ್ಕೆ ಕೈ ನೀಡಿದರು. ಕಂಡಕ್ಟರ್ ಆ ಕೈ ಹಿಡಿದುಕೊಂಡ. ಬೀಗತನವಾಗಿ ಇಷ್ಟು ವರ್ಷಕ್ಕೆ ಅವರನ್ನು ಹೀಗೆ ಬಿಗಿಯಾಗಿ ಹಿಡಿದದ್ದು ಇದೇ ಮೊದಲು. "ಬಿಡಿ ಬೀಗರೇ, ಕರೀತಿದ್ದಾರೆ" ಎಂದು ಬೀಗರು ಮೆಲ್ಲಗೆ ಎಳೆದರು. ಒಳಗಿನ ದನಿ ಇನ್ನೊಮ್ಮೆ ಕರೆಯಿತು, ಮತ್ತೂ ಒಮ್ಮೆ ಕರೆಯಿತು. ಕಂಡಕ್ಟರ್ ಕೈ ಬಿಡಲಿಲ್ಲ.