ಒಬ್ಬರಿಗೆ ಒಂದೇ ಖಾತೆ
ಗಿಡ ಬೆಳೆಸುವವರ ಆನ್‌ಲೈನ್ ಫೋರಂ ನೋಡಿಕೊಳ್ಳುವ ನನ್ನ ಗಂಡನಿಗೆ ಈ ಲೋಕದಲ್ಲಿ ಇರುವುದು ಒಂದೇ ಶತ್ರು, ಜೋಡಿ ಖಾತೆ. ಪಾಸ್‌ವರ್ಡ್ ಮರೆತು ಇನ್ನೊಂದು ಖಾತೆ ತೆರೆದವರನ್ನೂ, ತಮ್ಮ ಗುಲಾಬಿಯನ್ನು ತಾವೇ ಬೇರೆ ಹೆಸರಿನಲ್ಲಿ ಹೊಗಳಿಕೊಳ್ಳುವವರನ್ನೂ ಬರೆಯುವ ಧಾಟಿಯಿಂದಲೇ ಇವರು ಹಿಡಿದುಬಿಡುತ್ತಾರೆ. ಆಮೇಲೆ "ಒಬ್ಬರಿಗೆ ಒಂದೇ ಖಾತೆ" ಎಂದು ಗೊಣಗುತ್ತ, ಹಳೆಯ ಬರಹ ಒಂದೂ ಕಳೆದುಹೋಗದಂತೆ ಎರಡನ್ನೂ ಸೇರಿಸಿ ಒಂದೇ ಖಾತೆ ಮಾಡುತ್ತಾರೆ. ಊಟಕ್ಕೆ ಕರೆದರೆ "ಬಂದೆ, ಇದೊಂದು ಸೇರಿಸಿಬಿಡ್ತೀನಿ" ಅನ್ನುತ್ತಾರೆ, ಊಟ ಆರಿಹೋಗುತ್ತದೆ. ನಾನು ಕನ್ನಡಕ ಬದಲಾಯಿಸಿದ್ದು ಕಾಣದ ಆ ಕಣ್ಣಿಗೆ ಯಾವಳದೋ ದಾಸವಾಳದ ಎಲೆ ಹಳದಿಯಾದದ್ದು ಮಾತ್ರ ಕಾಣುತ್ತದೆ, ಅವಳಿಗೆ ಮಾರುದ್ದ ಉತ್ತರ ಹೋಗುತ್ತದೆ. ನನಗೆ ಮೈಯೆಲ್ಲ ಉರಿ. ಅಲ್ಲಿ ನನ್ನ ಹೆಸರಿನ ಖಾತೆ ಮೊದಲೇ ಇದ್ದರೂ, ಇವರ ಬಣ್ಣ ಬಯಲು ಮಾಡಬೇಕೆಂದು ‘ಸಂಜೆಮಲ್ಲಿಗೆ’ ಅಂತ ಇನ್ನೊಂದು ತೆರೆದು, ಬಾಡಿದ ಬಳ್ಳಿಗೆ ಏನು ಮಾಡಲಿ ಎಂದು ಕೇಳಿದೆ. ಸಂಜೆಮಲ್ಲಿಗೆಗೂ ಮಾರುದ್ದ ಉತ್ತರ ಬಂತು, ದಿನಾ ಬಂತು, ನಡುನಡುವೆ ತಮಾಷೆ ಬೇರೆ! ಒಂದು ಸಂಜೆ ತಡೆಯಲಾರದೆ "ಯಾರ್ರೀ ಅದು ಸಂಜೆಮಲ್ಲಿಗೆ?" ಅಂದೆ. "ನೀನೇ ಅಲ್ವಾ? ಮೊದಲ ದಿನಾನೇ ಗೊತ್ತಾಯ್ತು" ಅಂದರು. "ಗೊತ್ತಿದ್ದೂ ಯಾಕೆ ನನ್ನ ಖಾತೆಗೆ ಸೇರಿಸ್ಲಿಲ್ಲ?" ಅವರು ಪರದೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. "ಸೇರಿಸಿದ್ರೆ ಅವಳು ಹೋಗ್ಬಿಡ್ತಾಳೆ. ನೀನು ನನ್ನ ಹತ್ರ ಮಾತಾಡೋದು ಬಿಟ್ಟು ಎಷ್ಟು ಕಾಲ ಆಯ್ತು ಹೇಳು? ಅವಳು ದಿನಾ ಮಾತಾಡಿಸ್ತಾಳೆ." ಎದುರಿಗೆ ನಿಂತಿದ್ದವಳು ನಾನೇ. ಆದರೂ ಅವರು ಅಷ್ಟು ಮೆತ್ತಗೆ "ಅವಳು" ಅಂದಾಗ, ಆ ದಾಸವಾಳದವಳ ಮೇಲೂ ಬಾರದಷ್ಟು ಹೊಟ್ಟೆಕಿಚ್ಚು ನನಗೆ ಸಂಜೆಮಲ್ಲಿಗೆಯ ಮೇಲೆ ಬಂತು.