ಫೋಟೋದ ಹನ್ನೊಂದನೆಯವರು

ಕಾಲೇಜಿನ ಕ್ರೀಡಾ ವಿಭಾಗದಲ್ಲಿ ನಾನು ಹಂಗಾಮಿ ಗುಮಾಸ್ತ. ಆಟದ ಬಗ್ಗೆ ನನಗಿರುವ ತಿಳಿವಳಿಕೆ, ಚೆಂಡು ದುಂಡಗಿರುತ್ತದೆ ಎಂಬಷ್ಟು. ಅಂಥವನಿಗೆ ಸ್ಮರಣ ಸಂಚಿಕೆಯ ಕೆಲಸ ಒಪ್ಪಿಸಿದರು. ಮೊದಲ ಸಲ ಕಪ್ ಗೆದ್ದ ಫುಟ್‌ಬಾಲ್ ತಂಡದ ಹಳೆಯ ಫೋಟೋದಲ್ಲಿ ಹತ್ತು ಜನ ಒಂದೇ ಬಣ್ಣದ ಅಂಗಿಯಲ್ಲಿದ್ದರು. ಅಂಚಿನಲ್ಲಿ ಬೇರೆ ಬಣ್ಣದ ಅಂಗಿಯವನೊಬ್ಬ. ಯಾರೋ ಮೈದಾನದ ಕೆಲಸದವನು ಅಡ್ಡ ಬಂದಿದ್ದಾನೆ ಎಂದುಕೊಂಡು ಅವನನ್ನು ನೀಟಾಗಿ ಕತ್ತರಿಸಿ ತೆಗೆದೆ. ಗೋಲ್‌ಕೀಪರ್ ಅಂಗಿಯ ಬಣ್ಣವೇ ಬೇರೆ ಎಂಬುದು ಆಮೇಲೆ ತಿಳಿಯಿತು. ನನ್ನ ಪುಣ್ಯಕ್ಕೆ ಫೋಟೋದ ಕೆಳಗೂ ಹತ್ತೇ ಹೆಸರಿದ್ದವು. ಅಂದರೆ ಈ ಕೆಲಸವನ್ನು ನಲವತ್ತೈದು ವರ್ಷ ಮೊದಲೇ ಯಾರೋ ತಿಳಿದವರು ಶುರುಮಾಡಿದ್ದರು; ನಾನು ಮುಗಿಸಿದೆ, ಅಷ್ಟೆ.

ಅಂಗಿಯ ವಿಷಯ ನನಗೆ ತಿಳಿಸಿದವರು ಮೈದಾನದಲ್ಲಿ ಗೋಲಿನ ಬಲೆ ಹೊಲಿಯುವ ತಾತ. ನನ್ನ ಮೇಜಿನ ಮೇಲಿನ ಕರಡು ನೋಡಿ, "ಹತ್ತೇ ಜನ ಆಡಿ ಕಪ್ ಗೆದ್ದರೇನಪ್ಪ?" ಎಂದರು.

"ಹಾಗೇ ಅನ್ಸುತ್ತೆ ತಾತ. ಆಗಿನವರು ಗಟ್ಟಿಗರು."

"ಗಟ್ಟಿಗರೇ. ನೀನು ಕತ್ತರಿಸಿದ್ದು ನನ್ನನ್ನ."

ಊರಿನಲ್ಲಿ ಬೆರಳೆಣಿಕೆಯಷ್ಟಿದ್ದ ಕಾಲುವೆಯಾಚೆಯ ಜನರಲ್ಲಿ ಈ ಕಾಲೇಜಿಗೆ ಆಡಿದವರು ಅವರೇ ಮೊದಲು. ಈಚೆಯವರು ಆಚೆಯ ಮನೆಗಳಿಗೆ ಕಾಲಿಡದ ಕಾಲವದು. ಕಪ್ ಗೆದ್ದ ವರ್ಷ ಕಾಲೇಜು ಮೆಚ್ಚಿ ಅವರಿಗೆ ಕೆಲಸವನ್ನೂ ಕೊಟ್ಟಿತು: ತಾವು ಕಾದ ಬಲೆಯನ್ನೇ ಹೊಲಿಯುವುದು.

ಅವರಿಗೆ ಸನ್ಮಾನ ಬೇಕಿರಲಿಲ್ಲ. ಮೊಮ್ಮಗಳು ಈಗ ಇದೇ ಕಾಲೇಜಿನ ಗೋಲ್‌ಕೀಪರ್. "ನಮ್ಮ ತಾತ ಇಲ್ಲೇ ನಿಂತಿದ್ರು" ಎಂದರೆ ಗೆಳತಿಯರು ಕಿಸಕ್ಕನೆ ನಗುತ್ತಿದ್ದರು. ಇದ್ದ ಸಾಕ್ಷಿ ಆ ಫೋಟೋ ಒಂದೇ. ಅದಕ್ಕೆ ಕತ್ತರಿ ಹಾಕಿದ ಪುಣ್ಯಾತ್ಮ ನಾನು.

ಸಂಚಿಕೆ ಸಮಿತಿಯ ಅಧ್ಯಕ್ಷರು ಅದೇ ತಂಡದ ನಾಯಕರಾಗಿದ್ದವರು, ಫೋಟೋದ ನಡುವೆ ಕಪ್ ತಬ್ಬಿಕೊಂಡು ಕೂತವರು. ನಾವಿಬ್ಬರೂ ಅವರೆದುರು ಹೋಗಿ ನಿಂತೆವು. "ಪುಟದಲ್ಲಿ ಜಾಗ ಇಲ್ಲ ಕಣಯ್ಯ" ಎಂದರು. ತಾತ ಬಲೆಯ ಸೂಜಿಯನ್ನು ಅವರ ಮೇಜಿನ ಮೇಲಿಟ್ಟು, "ಹಾಗಾದ್ರೆ ನಾಳೆ ಪಂದ್ಯಕ್ಕೆ ಬಲೆ ನೀವೇ ಕಟ್ಕೊಳ್ಳಿ" ಎಂದ ಮೇಲೆ ಜಾಗ ಹುಟ್ಟಿಕೊಂಡಿತು. ಷರತ್ತು ಒಂದೇ: ಫೋಟೋದ ಕೆಳಗೆ ಹಾಕಲು ತಾತ ಎರಡು ಒಳ್ಳೆಯ ಮಾತು ಹೇಳಬೇಕು. ನಾನು ಪೆನ್ನು ತೆಗೆದೆ.

"ನಾವೆಲ್ಲ ಒಂದೇ ತಾಯಿ ಮಕ್ಕಳ ಹಾಗಿದ್ವಿ ತಾನೆ?" ಅಧ್ಯಕ್ಷರು ದಾರಿ ತೋರಿಸಿದರು. "ಆದ್ರೂ ಗೋಲ್‌ಕೀಪರೇ ಆಗ್ತೀನಿ ಅಂತ ನೀನ್ಯಾಕೆ ಹಠ ಹಿಡಿದೆ, ಹೇಳು."

ಸಂಚಿಕೆ ಅಚ್ಚಾಗಿದೆ, ಕತ್ತರಿಸಿದ ತುಂಡನ್ನು ಮತ್ತೆ ಅಂಟಿಸಿದ ಫೋಟೋದಲ್ಲಿ ಹನ್ನೊಂದು ಜನರಿದ್ದಾರೆ. ತಾತನ ಉತ್ತರಕ್ಕೆ ಮಾತ್ರ ಜಾಗ ಸಾಲಲಿಲ್ಲ:

"ನೀವು ಹತ್ತು ಜನಾನೂ ನನಗೆ ಚೆಂಡು ಕೊಡ್ತಿರಲಿಲ್ಲವಲ್ಲ ಸ್ವಾಮಿ. ಎದುರಾಳಿಗಳಾದ್ರೆ ಅವರಾಗೇ ತಂದು ಕೊಡೋರು."