ದುಬೈ ಫ್ಲ್ಯಾಟಿನಲ್ಲಿ ನನ್ನ ಅರ್ಧ

ದುಬೈಯಲ್ಲಿ ತೆರಿಗೆಯೇ ಇಲ್ಲ ಎಂದು ನಮ್ಮೂರು ಕಾಪುವಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಾರ್ಕಳದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನೂ ಅದನ್ನೇ ನಂಬಿದ್ದೆ. ಹದಿನಾಲ್ಕು ವರ್ಷಗಳಿಂದ ಅಲ್ಲಿ ದುಡಿಯುತ್ತಿರುವ ನನ್ನ ಗಂಡ, ಸಣ್ಣದೊಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡೋಣ, ಮುಂದಕ್ಕೆ ಆಧಾರವಾದೀತು ಎಂದಾಗ ನಾನು ಕೂಡಲೇ ಒಪ್ಪಿದೆ. ಅರ್ಧ ಹಣ ಅವರದ್ದು, ಅರ್ಧ ನನ್ನ ಸಂಬಳದ ಉಳಿತಾಯ.

ಖರ್ಚಿನ ಅಂದಾಜನ್ನು ನಾನು ಉಡುಪಿಯ ಲೆಕ್ಕದಲ್ಲೇ ಬರೆದೆ: ಸ್ಟಾಂಪ್ ಶುಲ್ಕ, ನೋಂದಣಿ, ಪತ್ರ ಬರೆಯುವವರ ಫೀಸು, ಗೃಹಪ್ರವೇಶದ ಊಟ. ಬಾಡಿಗೆಗೆ ಕೊಡುವ ಮನೆಗೆ ಎಂತದ್ದು ಗೃಹಪ್ರವೇಶ ಎಂದು ಗಂಡ ಫೋನಿನಲ್ಲೇ ನಕ್ಕರು. ನಗು ನಿಂತದ್ದು ಫ್ಲ್ಯಾಟ್ ಕೊಡಿಸುವ ಏಜೆಂಟ್ ಕಳಿಸಿದ ಕಾಗದ ಓದಿದ ಮೇಲೆ. ಬೆಲೆಯ ಕೆಳಗೆ ಮನೆ ಹೆಸರಿಗೆ ಮಾಡಿಸಲು ನೂರಕ್ಕೆ ನಾಲ್ಕರಂತೆ ಸರ್ಕಾರದ ಶುಲ್ಕ, ಏಜೆಂಟನ ಪಾಲು, ಆ ಪಾಲಿನ ಮೇಲೆ ತೆರಿಗೆ. ಅದರ ಮೇಲೆ ಲಿಫ್ಟು, ಕಾವಲು, ಗುಡಿಸುವುದು ಅಂತ ಚದರಡಿ ಲೆಕ್ಕದಲ್ಲಿ ಪ್ರತಿ ವರ್ಷವೂ ಕಟ್ಟಬೇಕಾದ ಹಣ. ಬಾಡಿಗೆದಾರ ಇರಲಿ, ಇಲ್ಲದಿರಲಿ, ಅದನ್ನು ಕಟ್ಟಲೇಬೇಕು. ತೆರಿಗೆ ಎಂದು ಕರೆಯದಿದ್ದರೇನು, ಕಿಸೆಯಿಂದ ಹೋಗುವುದು ಹೋಗಿಯೇ ಹೋಗುತ್ತದೆ. ನನಗೆ ಸಿಟ್ಟು ಬಂತು, ಹೆಚ್ಚಾಗಿ ನನ್ನ ಮೇಲೆಯೇ. ಮಕ್ಕಳಿಗೆ ಪ್ರಶ್ನೆಯನ್ನು ಪೂರ್ತಿ ಓದಿ ಎಂದು ದಿನವೂ ಹೇಳುವವಳು ನಾನು.

ನಿಜವಾದ ತಪ್ಪು ಗೊತ್ತಾದದ್ದು ಉಡುಪಿಯ ಆಡಿಟರ ಮುಂದೆ ಕುಳಿತಾಗ. ಫ್ಲ್ಯಾಟ್ ಯಾರ ಹೆಸರಿಗೆ ಎಂದು ಅವರು ಕೇಳಿದರು. ನನ್ನ ಹೆಸರಿಗೆ ಎಂದೆ. ಅದನ್ನು ನಾವು ಚರ್ಚಿಸಿಯೇ ಇರಲಿಲ್ಲ. ಅಳಿಯಕಟ್ಟಿನ ಕುಟುಂಬಗಳು ನಮ್ಮವು, ಮನೆ ತಾಯಿಯಿಂದ ಮಗಳಿಗೆ ಬರುವುದು ರೂಢಿ. ಗಂಡನೂ ಅಂಥ ಮನೆಯಲ್ಲೇ ಬೆಳೆದವರು.

ಆಡಿಟರು ಪೆನ್ನು ಕೆಳಗಿಟ್ಟರು. ನಿಮ್ಮ ಗಂಡ ಅನಿವಾಸಿ, ಅಲ್ಲಿಯ ಬಾಡಿಗೆಗೆ ಅವರು ಇಲ್ಲಿ ತೆರಿಗೆ ಕಟ್ಟಬೇಕಾಗಿಲ್ಲ. ನೀವು ಇಲ್ಲಿ ವಾಸ ಇರುವವರು, ನಿಮ್ಮ ಹೆಸರಿನ ಮನೆಯ ಬಾಡಿಗೆಗೆ ಇಲ್ಲಿ ತೆರಿಗೆ ಉಂಟು. ವಿದೇಶದಲ್ಲಿ ಆಸ್ತಿ ಇದೆ ಎಂದು ಪ್ರತಿ ವರ್ಷ ರಿಟರ್ನ್ಸ್‌ನಲ್ಲಿ ತೋರಿಸಬೇಕು, ಮರೆತರೆ ದಂಡ ಸಣ್ಣದಲ್ಲ. ನೀವು ಕಳಿಸುವ ಹಣ ಒಂದು ಮಿತಿ ದಾಟಿದರೆ ಬ್ಯಾಂಕಿನವರು ಮೊದಲೇ ತೆರಿಗೆ ಹಿಡಿಯುತ್ತಾರೆ, ಆಮೇಲೆ ಅದನ್ನು ನಿಮ್ಮ ವರ್ಷದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಇಷ್ಟನ್ನೂ ನನ್ನ ಬಾಯಿಂದ ಎರಡು ಸಲ ಹೇಳಿಸಿ, ಸರಿಯಾಗಿದೆ ಎಂದ ಮೇಲೆಯೇ ಅವರು ಎದ್ದರು.

ಗಂಡ ಒಂದೇ ವಾರದಲ್ಲಿ ಬೇರೆ ದಾರಿ ಹುಡುಕಿದರು. ನನ್ನ ಉಳಿತಾಯ ಇಲ್ಲಿಯೇ ಇರಲಿ, ಅವರು ಅಲ್ಲಿ ಸಾಲ ತೆಗೆದು ಪೂರ್ತಿ ಫ್ಲ್ಯಾಟನ್ನು ತಮ್ಮ ಹೆಸರಿಗೇ ಮಾಡಿಸುತ್ತಾರೆ, ಆಗ ನನಗೆ ತೆರಿಗೆಯ ರಗಳೆ ಇಲ್ಲ. ಲೆಕ್ಕ ಹಾಕಿ ನೋಡಿದೆ. ಸಾಲದ ಬಡ್ಡಿ ಸೇರಿಸಿದರೂ ಅವರ ದಾರಿಯಲ್ಲೇ ಸ್ವಲ್ಪ ಉಳಿತಾಯವಿತ್ತು.

ಆದರೆ ನನ್ನ ಚಿಕ್ಕಮ್ಮನ ನೆನಪಾಯಿತು. ಮುಂಬಯಿಯಲ್ಲಿ ಅವಳು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮನೆ ಚಿಕ್ಕಪ್ಪನ ಹೆಸರಿನಲ್ಲಿತ್ತು. ಅವರು ತೀರಿಕೊಂಡ ಮೇಲೆ ಅದನ್ನು ತನ್ನ ಹೆಸರಿಗೆ ಮಾಡಿಸಲು ಭಾವ ಮೈದುನರ ಸಹಿಗಾಗಿ ಅಲೆದೂ ಅಲೆದೂ ಸೋತು, ಎರಡು ಚೀಲ ಹಿಡಿದು ತವರು ಪೆರ್ಡೂರಿಗೆ ವಾಪಸು ಬಂದಳು. ನನ್ನ ಗಂಡ ಅಂಥ ಮನೆಯವರಲ್ಲ, ಅದು ನನಗೆ ಗೊತ್ತು. ಆದರೂ ಹೆದರಿಕೆ ಹೋಗಲಿಲ್ಲ.

ಭಾನುವಾರ ಫೋನಿನಲ್ಲಿ ಹೇಳಿದೆ. ಅರ್ಧ ನಿಮ್ಮ ಹೆಸರು, ಅರ್ಧ ನನ್ನದು. ನನ್ನ ಪಾಲಿನ ಹಣ ನಾನೇ ಕಳಿಸುತ್ತೇನೆ, ತೆರಿಗೆಯನ್ನೂ ನಾನೇ ಕಟ್ಟುತ್ತೇನೆ.

ಅವರು, "ನನ್ನ ಮೇಲೆ ನಂಬಿಕೆ ಇಲ್ವಾ ಮಾರಾಯ್ತಿ?" ಎಂದರು.

"ನಂಬಿಕೆ ಉಂಟು," ಎಂದೆ. "ಹೆಸರೂ ಬೇಕು."

ಬೇಸರ ಅವರ ಉಸಿರಿನಲ್ಲೇ ಕೇಳಿತು, ನನ್ನ ಕಣ್ಣೂ ತುಂಬಿತು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಅವರು, ಹಾಗಾದರೆ ಪಾಸ್‌ಪೋರ್ಟಿನ ಪ್ರತಿ ಕಳಿಸು ಎಂದರು. ಫೋನ್ ಇಡುವ ಮೊದಲೇ ಕಳಿಸಿದೆ.